ಮಾವ ಉಜ್ಜಿಕೊಟ್ಟ ಗಾಜು

ಜೂನ್ ೮

ಪ್ರೀತಿಯ ಅಕ್ಕ,

ಫೋನಿನಲ್ಲಿ ನಾನು ನಿನಗೆ ಮಾತಾಡಲು ಬಿಡುವುದಿಲ್ಲ, ನೀನು ನನಗೆ ಬಿಡುವುದಿಲ್ಲ. ಸಾಲದ್ದಕ್ಕೆ ಈ ಮನೆಯ ಫೋನು ನಡುಮನೆಯಲ್ಲಿ, ಎಲ್ಲರ ಕಿವಿಯ ಪಕ್ಕದಲ್ಲೇ ಇದೆ. ಇವರು ನನ್ನನ್ನು ಏನೆಂದು ಕರೆಯುತ್ತಾರೆ ಎಂದು ನೀನು ಕೇಳಿದರೆ ಅಲ್ಲಿ ನಿಂತು ಹೇಳಲಾಗುತ್ತದೆಯೇ? ಅದಕ್ಕೇ ಪತ್ರ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಮೇಡಂ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ಸುಸ್ತಾಗುತ್ತಾಳೆ ಎಂದು ನಗುತ್ತಿದ್ದೆಯಲ್ಲ, ಈಗ ಓದಿ ಸುಸ್ತಾಗುವ ಸರದಿ ನಿನ್ನದು.

ನಾನು ಎಂಥ ಅದೃಷ್ಟವಂತೆ ಅಕ್ಕ! ನೀನು ಕಣ್ಣು ಹೊರಳಿಸುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ, ಹೊರಳಿಸು. ಬೆಳಿಗ್ಗೆ ನಾನು ಏಳುವ ಮೊದಲೇ ಇವರು ಟೀ ತಂದಿಡುತ್ತಾರೆ. ಅದರಲ್ಲಿ ಸಕ್ಕರೆ ಇರುವುದಿಲ್ಲ, ಮರೆತಿರುತ್ತಾರೆ, ಆದರೂ ನಾನು ಪೂರ್ತಿ ಕುಡಿಯುತ್ತೇನೆ. ಪ್ರೀತಿ ಎಂದರೆ ಇದೇ ಅಲ್ಲವೇ?

ಮನೆಯ ಬಗ್ಗೆ ಕೇಳಿದ್ದೆ. ಕೆಳಗೆ ಬೀದಿಯ ಕಡೆಗೆ ಕನ್ನಡಕದ ಅಂಗಡಿ. ಅಂಗಡಿಯ ಹಿಂದೆ ಮಾವ ಗಾಜು ಉಜ್ಜುವ ಕೋಣೆ. ಅಲ್ಲಿಂದ ಒಂದು ಕಡಿದಾದ ಮೆಟ್ಟಿಲು ಹತ್ತಿದರೆ ನಮ್ಮ ಮನೆ. ಉದ್ದನೆಯ ಓಣಿ, ಎರಡೂ ಬದಿಗೆ ಕೋಣೆಗಳು. ಓಣಿಯ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಬಣ್ಣ ಸವೆದು ಒಂದು ಪಟ್ಟಿ ಮೂಡಿದೆ. ಅತ್ತೆ ಕೈಯಿಟ್ಟು ನಡೆದು ನಡೆದು ಆದ ಪಟ್ಟಿಯಂತೆ. ಅವರಿಗೆ ಮದುವೆಯಾದಾಗಿನಿಂದ ತಲೆಸುತ್ತು. ಮೆಟ್ಟಿಲಿಳಿದು ಹೊರಗೆ ಹೋಗುವುದೇ ಇಲ್ಲ. ಮಾತೂ ಕಮ್ಮಿ. ನನ್ನನ್ನು ನೋಡುತ್ತಲೇ ಇರುತ್ತಾರೆ, ಏನೋ ಕೇಳಬೇಕೆಂದಿದ್ದು ಮರೆತವರ ಹಾಗೆ.

ಅಂಗಡಿಯಲ್ಲಿ ಒಂದು ಪದ್ಧತಿಯಿದೆ, ನನಗೆ ತುಂಬ ಇಷ್ಟವಾಯಿತು. ಒಬ್ಬರು ಮಾಡಿದ ಕನ್ನಡಕವನ್ನು ಇನ್ನೊಬ್ಬರು ಪವರ್ ನೋಡುವ ಯಂತ್ರದಲ್ಲಿಟ್ಟು, ಕಂಡದ್ದನ್ನು ಗಟ್ಟಿಯಾಗಿ ಹೇಳಬೇಕು. ಅದಕ್ಕೆ ಇವರು 'ಓದುವುದು' ಎನ್ನುತ್ತಾರೆ. ಮಾವ ಮಾಡಿದ್ದನ್ನು ನನ್ನ ಗಂಡ ಓದಬೇಕು, ಗಂಡ ಮಾಡಿದ್ದನ್ನು ಮಾವ. ಓದದೆ ಒಂದು ಕನ್ನಡಕವೂ ಗಿರಾಕಿಯ ಕೈಗೆ ಹೋಗುವುದಿಲ್ಲ. ಮನೆಯ ಹೆಂಗಸರ ಕನ್ನಡಕವನ್ನು ಮಾತ್ರ ಮಾವ ತಾವೊಬ್ಬರೇ ಕೂತು ಮಾಡುತ್ತಾರೆ, ಅದನ್ನು ಯಾರೂ ಓದುವುದಿಲ್ಲ. "ಮನೆಯವರಿಗೆ ಮಾಡಿದ್ದನ್ನ ಅನುಮಾನದಿಂದ ನೋಡೋದಾ?" ಎಂದು ನಕ್ಕರು. ಈಗ ನನಗೂ ಒಂದು ಮಾಡುತ್ತಿದ್ದಾರೆ, ಹೊಸ ಸೊಸೆಗೆ ಉಡುಗೊರೆ. ನನ್ನ ಹಳೆಯ ಜೋಡಿಯನ್ನು ಯಾರಿಗಾದರೂ ಬಡವರಿಗೆ ಕೊಡುತ್ತೇನೆಂದು ತೆಗೆದುಕೊಂಡರು. ಅಷ್ಟರವರೆಗೆ ಅಂಗಡಿಯದೊಂದು ಹಾಕಿಕೊಂಡು ಗೂಬೆಯಂತೆ ಓಡಾಡುತ್ತಿದ್ದೇನೆ.

ನನ್ನ ಮೇಜನ್ನು ಕಿಟಕಿಯ ಬಳಿ ಹಾಕಿಕೊಟ್ಟಿದ್ದಾರೆ. ಪಠ್ಯಪುಸ್ತಕದ ಚಿತ್ರಗಳನ್ನು ಇನ್ನು ಇಲ್ಲಿಂದಲೇ ಬರೆದು ಸಂಪಾದಕಿಗೆ ಕಳಿಸಬಹುದು. ಮದುವೆಯಾದ ಮೇಲೂ ಕೆಲಸ ಬಿಡಬೇಕಾಗಲಿಲ್ಲ. ಇದಕ್ಕಿಂತ ಇನ್ನೇನು ಬೇಕು?

ನಿನ್ನ ಸಂತೋಷದ ಮುದ್ದೆ,
ಗಲಗಲ


ಜೂನ್ ೨೯

ಅಕ್ಕ,

ಬಂತು ನನ್ನ ಕನ್ನಡಕ! ಗಾಜು ನೀರಿನಂತಿದೆ. ಮಾವ ತಾವೇ ನನ್ನ ಕಿವಿಗೆ ಸಿಕ್ಕಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, "ಇನ್ನು ನೀನು ನಮ್ಮನೆಯವಳು" ಎಂದರು. ನಮ್ಮಪ್ಪ ಇದ್ದಿದ್ದರೆ ಹೀಗೇ ಇರುತ್ತಿದ್ದರೇನೋ.

ಹೊಸ ಕನ್ನಡಕ ಅಲ್ಲವೇ, ಒಗ್ಗಿಕೊಳ್ಳಲು ಸ್ವಲ್ಪ ದಿನ ಬೇಕಂತೆ. ನೆಲ ಒಂದು ಕಡೆಗೆ ಎದ್ದು ಬಂದಂತೆ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಣೆಯೊಳಗೆ ಯಾರೋ ತಿರುಪು ಬಿಗಿಯುತ್ತಿದ್ದಾರೆ ಅನ್ನಿಸುತ್ತದೆ. ನಿನ್ನೆ ಮೆಟ್ಟಿಲಲ್ಲಿ ಕಾಲು ತಪ್ಪಿತು, ಕೆಳಗೇ ನಿಂತಿದ್ದ ಮಾವ ಹಿಡಿದುಕೊಂಡರು. ಇನ್ನುಮುಂದೆ ತಾವು ಇಲ್ಲದೆ ಮೆಟ್ಟಿಲಿಳಿಯಬೇಡ ಎಂದಿದ್ದಾರೆ. ಕರೆದರೆ ಕೆಲಸ ಬಿಟ್ಟು ಓಡಿಬರುತ್ತಾರೆ. ನಿನಗೆ ಬರೆದ ಪತ್ರಗಳನ್ನೂ ತಾವೇ ಅಂಚೆಗೆ ಹಾಕಿ ಬರುತ್ತಾರೆ. ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಾರೆ ಅಕ್ಕ.

ಈಗ ಅತ್ತೆ ಬಂದರು, ಇಷ್ಟಕ್ಕೆ ನಿಲ್ಲಿಸಿ ಆಮೇಲೆ ಬರೆಯುತ್ತೇನೆ.

ಬಂದೆ. ಅತ್ತೆಯದೊಂದು ತಮಾಷೆ ಹೇಳುತ್ತೇನೆ. ಮಾವ ಊಟ ಮುಗಿಸಿ ಅಂಗಡಿಗೆ ಇಳಿದ ಕೂಡಲೇ ನನ್ನ ಕೋಣೆಗೆ ಬಂದು ಕೈಚಾಚುತ್ತಾರೆ. "ಕೊಡು, ತೊಳೆದಿಡ್ತೀನಿ." ತೊಳೆಯುವುದಕ್ಕೆ ಅರೆಗಳಿಗೆ ಸಾಕು, ಆದರೆ ಮಾವ ಮತ್ತೆ ಮೇಲೆ ಬರುವವರೆಗೂ ಕೊಡುವುದಿಲ್ಲ. ತಮ್ಮದನ್ನೂ ತೆಗೆದು, ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂರುತ್ತಾರೆ. ಕಣ್ಣಿಗೂ ವಿಶ್ರಾಂತಿ ಬೇಕಂತೆ. ನನಗೆ ಹತ್ತಿರದ್ದು ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತದಲ್ಲ, ಬೀದಿ ಮಾತ್ರ ಮಂಜು. ಹಾಗಾಗಿ ಮಂಜಿನ ಪಕ್ಕದಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ. ಅತ್ತೆ ನನಗಾಗಿ ಬೀದಿಯನ್ನು ಓದಿ ಹೇಳುತ್ತಾರೆ. ಮೂಲೆಯಲ್ಲಿ ಯಾವ ಬಸ್ಸು ಬಂತು, ಎದುರು ಮನೆಯ ತಂತಿಯ ಮೇಲೆ ಎಷ್ಟು ಬಟ್ಟೆ ಒಣಗಿವೆ, ಎಲ್ಲವನ್ನೂ. ಸಂಜೆ ಕನ್ನಡಕ ಹಾಕಿಕೊಂಡರೋ, ಮತ್ತೆ ಗೋಡೆ ಹಿಡಿದೇ ನಡೆಯುತ್ತಾರೆ. ಪಾಪ.

ತುಂಬು ಮನಸ್ಸಿನಿಂದ,
ನಿನ್ನ ಗಲಗಲ


ಜುಲೈ ೭

ಏ ಗಲಗಲ,

ನಿನ್ನ ಸಂತೋಷವನ್ನು ಓದಿ ನನಗೆ ಸಕ್ಕರೆ ಕಾಯಿಲೆ ಬರುವ ಹಾಗಿದೆ. ಸಕ್ಕರೆಯಿಲ್ಲದ ಟೀ ಕುಡಿಯುವುದು ಪ್ರೀತಿಯಲ್ಲ, ಸೋಮಾರಿತನ. ಎದ್ದು ಹೋಗಿ ಹಾಕಿಕೋ.

ನನ್ನ ಶಾಲೆಯಲ್ಲಿ ಓಟದ ಪಂದ್ಯಕ್ಕೆ ಮಕ್ಕಳನ್ನು ತಯಾರು ಮಾಡುತ್ತಿದ್ದೇನೆ. ದಿನವಿಡೀ ಸೀಟಿ ಊದಿ ಊದಿ ಕೆನ್ನೆ ಬನ್ನಿನಂತಾಗಿದೆ.

ಒಂದು ಮಾತು. ನೀನು ಪುಟ್ಟವಳಿದ್ದಾಗಲೂ ಗೆರೆಯಿಲ್ಲದ ಹಾಳೆಯಲ್ಲಿ ದಾರ ಹಿಡಿದಂತೆ ಬರೆಯುತ್ತಿದ್ದವಳು. ಈ ಸಲದ ಪತ್ರದ ಸಾಲುಗಳು ಬೆಟ್ಟದಿಂದ ಜಾರಿದ ಹಾಗಿವೆ. ದೋಣಿಯಲ್ಲಿ ಕೂತು ಬರೆದೆಯಾ? ಕನ್ನಡಕ ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತ ಹೇಳು. ಮಾವ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಬೇರೆ ಅಂಗಡಿಗೆ ಹೋಗಿ ತೋರಿಸು.

ನಿನ್ನ ಅಕ್ಕ


ಜುಲೈ ೨೫

ಅಕ್ಕ,

ನಿನ್ನ ಪತ್ರ ಬಂತು. ಮಾವ ತಮ್ಮದೆಂದುಕೊಂಡು ತಪ್ಪಿ ಒಡೆದುಬಿಟ್ಟಿದ್ದರಂತೆ. ಎಷ್ಟು ಸಲ ಕ್ಷಮೆ ಕೇಳಿದರು ಗೊತ್ತೇ, ನನಗೇ ನಾಚಿಕೆಯಾಯಿತು. "ಬೇರೆ ಅಂಗಡಿಗೆ ಹೋಗ್ಬೇಕು ಅನ್ನಿಸಿದ್ರೆ ಹೋಗು ಮಗೂ, ನಾನೇ ಕರ್ಕೊಂಡು ಹೋಗ್ತೀನಿ" ಎಂದರು. ಕಣ್ಣಲ್ಲಿ ನೀರಿತ್ತು. ಹೋಗುವ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ನೀನು ದಯವಿಟ್ಟು ಹಾಗೆಲ್ಲ ಬರೆಯಬೇಡ.

ತೊಂದರೆ ಕನ್ನಡಕದ್ದಲ್ಲ, ನನ್ನದು. ಸಂಪಾದಕಿ ನನ್ನ ಚಿತ್ರಗಳನ್ನು ಹಿಂದಕ್ಕೆ ಕಳಿಸಿದ್ದಾರೆ. ತ್ರಿಕೋನಗಳು ಸೊಟ್ಟ, ತಕ್ಕಡಿ ವಾಲಿದೆ, ದಯವಿಟ್ಟು ಮತ್ತೆ ಬರೆಯಿರಿ ಎಂದು ಚೀಟಿ. ನಾನು ಒಂದೊಂದನ್ನೂ ನೋಡಿದೆ. ನನ್ನ ಕಣ್ಣಿಗೆ ಎಲ್ಲ ನೆಟ್ಟಗೇ ಇದ್ದವು. ನನ್ನ ಕಣ್ಣಿಗೆ ವಾಲಿ ಕಾಣುವುದು ಬಾಗಿಲ ಚೌಕಟ್ಟು, ಬೀರು, ಊಟದ ಮೇಜು. ಇದನ್ನು ನಿನಗಲ್ಲದೆ ಯಾರಿಗೂ ಹೇಳಿಲ್ಲ. ಮನೆ ನೆಟ್ಟಗಿದ್ದು ನನಗೆ ಮಾತ್ರ ಸೊಟ್ಟ ಕಂಡರೆ ತಲೆ ಕೆಟ್ಟಿರುವುದು ಯಾರಿಗೆ?

ಮೊನ್ನೆ ಓಣಿಯಲ್ಲಿ ಬಿದ್ದೆ. ಮೊಣಕಾಲು ಊದಿದೆ. ಇವರು ಎತ್ತಿಕೊಂಡು ಹೋಗಿ ಮಲಗಿಸಿದರು, ಅಂಗಡಿಗೂ ಇಳಿಯದೆ ಪಕ್ಕದಲ್ಲೇ ಕೂತರು. ಮಾವ ಬಂದು ತಲೆ ಸವರಿ, "ನಿಮ್ಮತ್ತೆಗೂ ಮೊದಮೊದಲು ಹೀಗೇ ಆಗ್ತಿತ್ತು, ಆಮೇಲೆ ಮನೆಯಲ್ಲೇ ಇದ್ದು ಒಗ್ಗಿಹೋದ್ಲು" ಎಂದರು. ಕೆಲಸ ಬಿಟ್ಟರೆ ತಲೆನೋವು ತಾನಾಗಿ ಹೋಗುತ್ತದಂತೆ. ಕೆಲಸ ಬಿಡುತ್ತೇನೆಂದು ಸಂಪಾದಕಿಗೆ ಬರೆಯಬೇಕಾದದ್ದನ್ನು ಅವರೇ ಚೆಂದದ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ತಂದಿದ್ದಾರೆ. ನನ್ನ ಸಹಿಯೊಂದು ಬೇಕು. ಈ ಪುಸ್ತಕದ ಕಡೆಯ ಕಂತು ಕಳಿಸಿದ ಮೇಲೆ ಹಾಕುತ್ತೇನೆ ಎಂದಿದ್ದೇನೆ.

ಇಷ್ಟು ಒಳ್ಳೆಯವರ ನಡುವೆ ಇದ್ದೂ ಬೆಳಿಗ್ಗೆ ಏಳುವಾಗ ಎದೆ ಧಸಕ್ಕೆನ್ನುತ್ತದೆ. ನಾನೇ ಕೃತಘ್ನಳೇನೋ.

ಗಲಗಲ


ಆಗಸ್ಟ್ ೧೨

ಗಲಗಲ,

ಇದನ್ನು ಒಬ್ಬಳೇ ಇದ್ದಾಗ ಓದು. ನಿನ್ನ ಸಂಪಾದಕಿಯ ಕಚೇರಿ ನಮ್ಮೂರಿನಲ್ಲೇ ಇರುವುದು ದೇವರು ದೊಡ್ಡವನು ಅನ್ನುವುದಕ್ಕೆ ಸಾಕ್ಷಿ. ಅವರು ನಿನಗೆ ಕಳಿಸುವ ಚಿತ್ರಗಳ ಕಟ್ಟಿನೊಳಗೆ ಈ ಪತ್ರವನ್ನು ಇಡಿಸಿದ್ದೇನೆ. ನಿನ್ನ ಉತ್ತರವನ್ನೂ ಚಿತ್ರಗಳ ಜೊತೆಯಲ್ಲೇ ಕಳಿಸು. ಬಿಡಿ ಪತ್ರವಾಗಿ ಮಾವನ ಕೈಗೆ ಕೊಡಬೇಡ.

ಅವರ ಮೇಜಿನ ಮೇಲೆ ನಿನ್ನ ಚಿತ್ರಗಳನ್ನು ಹರಡಿಕೊಂಡು ನೋಡಿದೆ. ಎಲ್ಲವೂ ಸೊಟ್ಟಗಿಲ್ಲ. ಕೆಲವು ಮೊದಲಿನ ಹಾಗೇ ಇವೆ, ಸ್ಕೇಲಿಟ್ಟು ನೋಡಿದರೂ ತಪ್ಪು ಸಿಗಲಿಲ್ಲ. ತಲೆ ಕೆಟ್ಟವಳು ಒಂದು ಹೊತ್ತು ಕೆಟ್ಟು ಒಂದು ಹೊತ್ತು ಸರಿಹೋಗುತ್ತಾಳೆಯೇ? ಮನೆಗೆ ಬಂದು ನಿನ್ನ ಜೂನ್ ಕೊನೆಯ ಪತ್ರ ತೆಗೆದೆ. ಮೊದಲರ್ಧ ಜಾರಿದೆ. 'ಬಂದೆ, ಅತ್ತೆಯದೊಂದು ತಮಾಷೆ ಹೇಳುತ್ತೇನೆ' ಎಂಬಲ್ಲಿಂದ ಸಾಲುಗಳು ನೆಟ್ಟಗಾಗಿವೆ. ಅಲ್ಲಿಂದ ಮುಂದೆ ನಿನ್ನ ಮೂಗಿನ ಮೇಲೆ ಕನ್ನಡಕ ಇರಲಿಲ್ಲ.

ಕಾಲುಚೀಲದಲ್ಲಿ ಸುತ್ತಿ ಕಳಿಸಿರುವುದು ನಿನ್ನ ಕಾಲೇಜಿನ ಕನ್ನಡಕ, ನಿನ್ನ ಹಳೆಯ ಮೇಜಿನ ಖಾನೆಯಲ್ಲಿತ್ತು. ಒಂದು ಕಾಲು ಸಡಿಲ. ಕಾಲುಚೀಲ ತೊಳೆದದ್ದೇ, ಮೂಗು ಮುಚ್ಚಬೇಡ. ಹಾಕಿಕೊಂಡು ಓಣಿಯಲ್ಲಿ ನಡೆದು ನೋಡು. ನೋಡಿ ನನಗೆ ಬರೆ. ಅದಕ್ಕೆ ಮೊದಲು ಯಾವ ಕಾಗದಕ್ಕೂ ಸಹಿ ಹಾಕಬೇಡ.

ಅಕ್ಕ


ಆಗಸ್ಟ್ ೨೩

ಅಕ್ಕ,

ನಡೆದೆ. ಓಣಿ ನೆಟ್ಟಗಿತ್ತು. ಬಾಗಿಲುಗಳು ನೆಟ್ಟಗಿದ್ದವು. ಓಣಿಯ ಕೊನೆಗೆ ಹೋಗಿ, ತಿರುಗಿ, ಗೋಡೆ ಮುಟ್ಟದೆ ಬಂದೆ. ಮತ್ತೆ ಹೋದೆ. ಗಟ್ಟಿಯಾಗಿ ನಗಬೇಕು ಅನ್ನಿಸಿತು, ಸೆರಗು ಬಾಯಿಗೆ ತುರುಕಿಕೊಂಡೆ. ನನಗೆ ಹುಚ್ಚಿಲ್ಲ ಅಕ್ಕ, ನನಗೆ ಹುಚ್ಚಿಲ್ಲ.

ಆಮೇಲೆ ಮೇಜಿಗೆ ಬಂದು ಹಾಳೆಯ ಮೇಲೆ ಸ್ಕೇಲಿಟ್ಟು ಒಂದು ಗೆರೆ ಎಳೆದೆ. ಹಳೆಯ ಕನ್ನಡಕವನ್ನು ಕೈಯಲ್ಲಿ ಎತ್ತಿ ಹಿಡಿದು ಅದರೊಳಗಿಂದ ನೋಡಿದೆ. ಗಾಜನ್ನು ಹೇಗೆ ತಿರುಗಿಸಿದರೂ ಗೆರೆ ಹೊರಗೆ ಹೇಗಿತ್ತೋ ಒಳಗೂ ಹಾಗೇ ಇತ್ತು. ಮಾವ ಮಾಡಿದ್ದನ್ನು ಹಿಡಿದೆ. ಹೊರಗೆ ಗೆರೆ ನೆಟ್ಟಗೆ, ಗಾಜಿನೊಳಗೆ ಮುರಿದು ಓರೆ. ತಿರುಗಿಸಿದರೆ ಓರೆಯೂ ಕತ್ತರಿಯ ಅಲಗಿನಂತೆ ಜೊತೆಗೇ ತಿರುಗುತ್ತದೆ. ಕೆಲವರ ಕಣ್ಣಿಗೆ ಹಾಗೆ ಓರೆ ಕೊಟ್ಟು ಉಜ್ಜಬೇಕಾಗುತ್ತದೆ, ಅದಕ್ಕೆ ಸಿಲಿಂಡರ್ ಎನ್ನುತ್ತಾರೆ, ಇವರೇ ಒಂದು ಸಲ ವಿವರಿಸಿದ್ದರು. ನನ್ನ ಕಣ್ಣಿಗೆ ಅದು ಬೇಡವೇ ಬೇಡ ಎಂದೂ ಹೇಳಿದ್ದರು.

ಮಾವನ ಕೈ ತಪ್ಪಿರಬಹುದು ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಎಷ್ಟು ಆಸೆಯಾಯಿತು! ಅದಕ್ಕೇ ನಿನ್ನೆ, ಮಾವ ಸಾಮಾನು ತರಲು ಹೋದಾಗ, ಅಂಗಡಿಗೆ ಇಳಿದು ಇವರ ಮುಂದೆ ಕನ್ನಡಕ ಇಟ್ಟೆ. "ಇದನ್ನೊಂದು ಸಲ ಓದ್ತೀರಾ?"

"ಅಪ್ಪ ಮಾಡಿದ್ದನ್ನ ಓದೋದಾ?" ಎಂದು ನಕ್ಕರು. ನಾನು ನಗಲಿಲ್ಲ. ಯಂತ್ರದಲ್ಲಿಟ್ಟು ನೋಡಿದರು. ಗಿರಾಕಿಯ ಕನ್ನಡಕಕ್ಕೆ ಇವರು ಕಣ್ಣಿಟ್ಟಷ್ಟರಲ್ಲೇ ಅಂಕಿ ಹೇಳುತ್ತಾರೆ. ನಿನ್ನೆ ಬಹಳ ಹೊತ್ತು ಬಗ್ಗಿಯೇ ಇದ್ದರು. ನನಗೆ ಇವರ ಮುಖ ಕಾಣಲಿಲ್ಲ, ಕಿವಿ ಕಂಡಿತು, ಕೆಂಪೇರುತ್ತಿತ್ತು. ತಲೆಯೆತ್ತಿ, ಒರೆಸಿ, ನನ್ನ ಕೈಗೆ ಕೊಟ್ಟರು.

"ಸರಿಯಾಗೇ ಇದೆ" ಎಂದರು.

ಅಕ್ಕ, ಇವರು ಇವತ್ತೂ ಟೀ ತಂದರು. ಸಕ್ಕರೆ ಹಾಕಿದ್ದರು. ಒಂದಲ್ಲ, ಮೂರು ಚಮಚ. ಕುಡಿಯಲಾಗಲಿಲ್ಲ.

ಹಳೆಯ ಕನ್ನಡಕ ಹಾಸಿಗೆಯ ಕೆಳಗಿದೆ. ಮಾವ ಮನೆಯಲ್ಲಿರುವಾಗ ಅವರದನ್ನೇ ಹಾಕಿಕೊಂಡು ಗೋಡೆ ಹಿಡಿಯುತ್ತೇನೆ. ಸಹಿ ಯಾವಾಗ ಎಂದು ಕೇಳಿದರು. ಬರುವ ತಿಂಗಳ ಮೊದಲ ಸೋಮವಾರ ಎಂದೆ.

ನಿನ್ನ ತಂಗಿ


ಆಗಸ್ಟ್ ೨೭

ಗಲಗಲ,

ಹೊರಟು ಬಾ. ಬಟ್ಟೆಬರೆ ಬಿಡು, ಇಲ್ಲಿ ನನ್ನವಿವೆ, ಸ್ವಲ್ಪ ದೊಗಲೆ ಅಷ್ಟೆ. ನೀನು ಬರದಿದ್ದರೆ ಮುಂದಿನ ವಾರದ ಶನಿವಾರ ನಾನೇ ಬರುತ್ತೇನೆ, ಸೀಟಿ ಸಮೇತ. ನಿನ್ನ ಗಂಡನ ಬಗ್ಗೆ ನಾನು ಈಗ ಏನೂ ಹೇಳುವುದಿಲ್ಲ. ಹೇಳಿದರೆ ಹಾಳೆ ಸುಟ್ಟುಹೋಗುತ್ತದೆ.

ಅಕ್ಕ


ಆಗಸ್ಟ್ ೩೧

ಅಕ್ಕ,

ಶನಿವಾರ ಬರಬೇಡ. ಸೋಮವಾರ ಕಳೆದ ಮೇಲೆ ನಾನೇ ಫೋನ್ ಮಾಡುತ್ತೇನೆ. ಯಾಕೆಂದು ಹೇಳುತ್ತೇನೆ.

ನಿನ್ನೆ ಮಧ್ಯಾಹ್ನ ಅತ್ತೆ ಎಂದಿನಂತೆ ಕೈಚಾಚಿದರು. ನಾನು ಕನ್ನಡಕ ಕೊಡದೆ, "ಅತ್ತೆ, ಇದನ್ನ ಯಾಕೆ ತೊಗೋತೀರಿ?" ಎಂದೆ. ಅವರು ಬಾಗಿಲ ಕಡೆ ನೋಡಿದರು. ಕೆಳಗೆ ಉಜ್ಜುವ ಯಂತ್ರದ ಸದ್ದು ಕೇಳುತ್ತಿತ್ತು. ಅದು ಕೇಳುವವರೆಗೆ ಮಾವ ಮೇಲೆ ಬರುವುದಿಲ್ಲ.

"ನೋವಾಗುತ್ತಲ್ಲ, ಅದಕ್ಕೆ" ಎಂದು ತಮ್ಮದನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಅವರ ಮಡಿಲಿನಲ್ಲಿದ್ದ ಅವರ ಕನ್ನಡಕವನ್ನು ಎತ್ತಿ ನನ್ನ ಗೆರೆಯ ಮೇಲೆ ಹಿಡಿದೆ. ಗೆರೆ ಮುರಿಯಿತು. ನನ್ನದನ್ನು ಪಕ್ಕದಲ್ಲಿ ಹಿಡಿದೆ. ಎರಡರಲ್ಲೂ ಒಂದೇ ಓರೆ. ಅತ್ತೆ ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು.

ಆಮೇಲೆ ಹೇಳಿದರು. ಮದುವೆಯಾಗಿ ಬಂದಾಗ ಅವರಿಗೆ ಕನ್ನಡಕವೇ ಇರಲಿಲ್ಲವಂತೆ. ನಿನ್ನ ಕಣ್ಣು ಬಹಳ ಸೂಕ್ಷ್ಮ ಎಂದು ಮಾವ ಮಾಡಿಕೊಟ್ಟರಂತೆ. ತಲೆಸುತ್ತು ಶುರುವಾಯಿತು. ಸುತ್ತು ಹೆಚ್ಚಾದಷ್ಟೂ ಮಾವ ಹತ್ತಿರವಾದರು. ಅತ್ತೆ ತಮ್ಮ ತಂಗಿಯ ಮನೆಗೆ ಹೋಗುವುದು ನಿಂತಿತು, ಅಂಗಡಿಗೆ ಇಳಿಯುವುದು ನಿಂತಿತು. ಒಂದು ಸಲ ಕನ್ನಡಕ ಬಿದ್ದು ಒಡೆಯಿತು, ಮಾವ ಊರಲ್ಲಿರಲಿಲ್ಲ. ಆ ದಿನಗಳಲ್ಲಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮನೆಯೆಲ್ಲ ಓಡಾಡಿದರಂತೆ. ಆಗ ಅರ್ಥವಾಯಿತು. ಹೊಸದು ತಯಾರಾಗಿ ಬಂದಾಗ ಮಾತಿಲ್ಲದೆ ಹಾಕಿಕೊಂಡರು. "ಮಗೂನ ಎತ್ಕೊಂಡು ಎಲ್ಲಿಗೆ ಹೋಗ್ಲಿ? ಯಾರು ನಂಬ್ತಾರೆ? ಹೊಡೀಲಿಲ್ಲ, ಬೈಲಿಲ್ಲ. ಕೈ ಹಿಡ್ಕೊಂಡು ನಡೆಸ್ತಾರೆ ಅಂತ ಊರೆಲ್ಲ ಹೊಗಳ್ತಿತ್ತು."

ಮಾವ ನನಗೂ ಹಾಗೆ ಮಾಡಲಾರರು ಎಂದು ಅತ್ತೆ ಅಂದುಕೊಂಡಿದ್ದರಂತೆ. ನಾನು ಮೊದಲ ಸಲ ಗೋಡೆಗೆ ಕೈಯಿಟ್ಟ ದಿನ ತಿಳಿಯಿತಂತೆ. ಬಾಯಿ ಬಿಡಲು ಧೈರ್ಯ ಸಾಲದೆ, ದಿನಕ್ಕೆ ಅಷ್ಟು ಹೊತ್ತಾದರೂ ನನ್ನ ಕಣ್ಣನ್ನು ನನಗೆ ಬಿಡಿಸಿಕೊಡುತ್ತಿದ್ದರು. ನಾನದನ್ನು ನಿನಗೆ ತಮಾಷೆಯೆಂದು ಬರೆದೆ. ಅವರ ಪಾದದ ಬಳಿ ಕೂತು ಮಡಿಲಲ್ಲಿ ಮುಖವಿಟ್ಟೆ. ಇಷ್ಟು ದಿನ ನಾನು ತಪ್ಪು ಜನಕ್ಕೆ ಥ್ಯಾಂಕ್ಸ್ ಹೇಳುತ್ತಿದ್ದೆ ಅಕ್ಕ.

ನಾನು, ನೀವೂ ನನ್ನ ಜೊತೆ ಬನ್ನಿ, ಇವತ್ತೇ ಹೋಗೋಣ ಎಂದೆ. ಕಳ್ಳರ ಹಾಗೆ ಹೋಗುವುದಿಲ್ಲ ಎಂದರು. ಸೋಮವಾರ ತಾವು ಅಂಗಡಿಗೆ ಇಳಿಯುತ್ತಾರಂತೆ. ನನಗೆ ಭಯವಾಗುತ್ತಿದೆ. ಮಾವನ ಸಿಟ್ಟಿನ ಭಯವಲ್ಲ, ಅವರು ಸಿಟ್ಟಾಗಿದ್ದನ್ನೇ ನೋಡಿಲ್ಲ. ಅವರು ಮೆಲ್ಲಗೆ ನಾಲ್ಕು ಮಾತಾಡಿದರೆ ನಾವಿಬ್ಬರೂ ಮತ್ತೆ ಕನ್ನಡಕ ಹಾಕಿಕೊಂಡು ಗೋಡೆ ಹಿಡಿದುಬಿಡುತ್ತೇವೆ, ಆ ಭಯ.

ಕೆಳಗಿನ ಎರಡು ಸಾಲು ಅತ್ತೆಯವು.

ನಿನ್ನ ತಂಗಿ

ನಿಮ್ಮ ತಂಗಿಯನ್ನು ಕ್ಷೇಮವಾಗಿ ತಲುಪಿಸುವ ಜವಾಬ್ದಾರಿ ನನ್ನದಮ್ಮ. ಬರೆದು ರೂಢಿ ತಪ್ಪಿದೆ, ಅಕ್ಷರ ಕೆಟ್ಟಿದ್ದರೆ ಮನ್ನಿಸಿ.


ಸೆಪ್ಟೆಂಬರ್ ೫

ನನ್ನ ಚಿನ್ನದ ಅಕ್ಕ,

ನಿನ್ನೆ ಫೋನಿನಲ್ಲಿ ಇಬ್ಬರೂ ಅತ್ತುಕೊಂಡೇ ಹೊತ್ತು ಕಳೆದೆವು, ವಿಷಯವನ್ನೇ ಹೇಳಲಿಲ್ಲ. ಈಗ ಕೇಳು.

ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಒಬ್ಬ ಟ್ಯಾಕ್ಸಿ ಚಾಲಕ, ಒಬ್ಬರು ಟೀಚರು. ಅತ್ತೆ ಒಳ್ಳೆಯ ಸೀರೆ ಉಟ್ಟು, ಕನ್ನಡಕವನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. ನಾನು ಹಿಂದೆ, ಕಾಲೇಜಿನ ಕನ್ನಡಕ ಹಾಕಿಕೊಂಡು. ಇವರು ಗಾಬರಿಯಾಗಿ ಎದ್ದು ನಿಂತರು.

"ಅಮ್ಮಾ, ಯಾಕೆ ಇಳಿದು ಬಂದೆ? ಬೀಳ್ತೀಯ."

"ಬೀಳೋ ಹಾಗಿದ್ರೆ ಮೆಟ್ಟಿಲಲ್ಲೇ ಬೀಳ್ತಿದ್ದೆ. ನನ್ನ ಕಣ್ಣು ನೋಡು."

ಉಜ್ಜುವ ಯಂತ್ರ ನಿಂತಿತು. ಮಾವ ಕೈ ಒರೆಸಿಕೊಳ್ಳುತ್ತ ಬಂದು, ಮೇಲೆ ಹೋಗು, ಆಮೇಲೆ ನಾನು ನೋಡುತ್ತೇನೆ ಎಂದರು. ಎಷ್ಟು ಮೃದುವಾಗಿ ಹೇಳಿದರೆಂದರೆ ನನ್ನ ಕಾಲು ತಾನಾಗಿಯೇ ಮೆಟ್ಟಿಲ ಕಡೆಗೆ ತಿರುಗಿತು. ಅತ್ತೆ ಅವರ ಕಡೆ ನೋಡಲೇ ಇಲ್ಲ. ಸರದಿಯಲ್ಲಿದ್ದ ಟ್ಯಾಕ್ಸಿಯವನಿಗೆ, "ಒಂದ್ನಿಮಿಷ ಅಪ್ಪಾ" ಎಂದು ಹೇಳಿ ಪರೀಕ್ಷೆಯ ಕುರ್ಚಿಯಲ್ಲಿ ಕೂತರು. ಎದುರು ಗೋಡೆಯ ಅಕ್ಷರದ ಹಲಗೆಯನ್ನು ದೊಡ್ಡಕ್ಷರದಿಂದ ಶುರುಮಾಡಿ, ಇರುವೆಯಷ್ಟಿದ್ದ ಕಡೆಯ ಸಾಲಿನವರೆಗೆ, ಬರಿಗಣ್ಣಿನಿಂದ, ಒಂದೂ ಬಿಡದೆ ಓದಿದರು. ಟ್ಯಾಕ್ಸಿಯವನು, "ಅಮ್ಮನ್ನ ನನ್ನ ಗಾಡಿಗೆ ಡ್ರೈವರ್ ಮಾಡ್ಕೋಬೇಕು" ಎಂದ.

ಅತ್ತೆ ಎದ್ದು ತಮ್ಮ ಕನ್ನಡಕವನ್ನೂ ನನ್ನದನ್ನೂ ಮಗನ ಮುಂದೆ ಇಟ್ಟರು. "ಈಗ ಇವನ್ನ ಓದು. ಗಟ್ಟಿಯಾಗಿ ಓದು. ಅಂಗಡಿಯ ಪದ್ಧತಿ."

ಇವರು ಅಪ್ಪನನ್ನು ನೋಡಿದರು. ನನ್ನನ್ನು ನೋಡಿದರು. ಅಕ್ಕ, ಆ ಗಳಿಗೆಯಲ್ಲಿ ನನ್ನ ಮದುವೆ ಆ ಯಂತ್ರದ ಮೇಲಿತ್ತು. ಮತ್ತೊಮ್ಮೆ 'ಸರಿಯಾಗೇ ಇದೆ' ಎಂದಿದ್ದರೆ ನಾನು ಅಲ್ಲಿಂದಲೇ ಬೀದಿಗಿಳಿಯುತ್ತಿದ್ದೆ, ತಿರುಗಿ ನೋಡುತ್ತಿರಲಿಲ್ಲ. ಇವರು ಬಗ್ಗಿದರು. ಅತ್ತೆಯದನ್ನು ಓದಿದರು, ಅಂಕಿ ಹೇಳಿದರು. ನನ್ನದನ್ನು ಓದಿದರು, ಅಂಕಿ ಹೇಳಿದರು. ದನಿ ಒಡೆದಿತ್ತು.

"ಇಬ್ಬರಿಗೂ ಒಂದೇ ಓರೆ. ಇಬ್ಬರಿಗೂ ಬೇಡದ್ದು." ಆಮೇಲೆ ನನ್ನ ಕಡೆ ತಿರುಗಿ, "ಅವತ್ತೂ ಇದೇ ಇತ್ತು. ನಾನು ಸುಳ್ಳು ಹೇಳ್ದೆ" ಎಂದರು.

ಮಾವ ಕೂಗಾಡಲಿಲ್ಲ. ನಮ್ಮಿಬ್ಬರನ್ನೂ ನೋಡಿ ಕೇಳಿದರು: "ಯಾರಿಗೆ ಏನು ಕಮ್ಮಿ ಮಾಡಿದ್ದೀನಿ? ಬೀಳೋವಾಗೆಲ್ಲ ಹಿಡ್ಕೊಂಡಿಲ್ವಾ?" ಅವರು ಬೀದಿಯ ಬಾಗಿಲನ್ನು ನೋಡುತ್ತ ಮೆಲ್ಲಗೆ, "ನಾನು ಚಿಕ್ಕವನಿದ್ದಾಗ ನಮ್ಮಮ್ಮ ನನ್ನ ಬಿಟ್ಟು ಇದೇ ಬಾಗಿಲಲ್ಲಿ ನೆಟ್ಟಗೆ ನಡ್ಕೊಂಡು ಹೋದ್ಲು. ಒಂದು ಸಲ ಎಡವಿದ್ರೂ ಓಡಿಹೋಗಿ ಹಿಡ್ಕೋತಿದ್ದೆ" ಎಂದರು.

ನಿನಗೆ ನಿಜ ಹೇಳುತ್ತೇನೆ, ಬೈಯಬೇಡ. ಆಗ ನನಗೆ ಅವರ ಬಳಿ ಹೋಗಿ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ನನ್ನ ಕನಿಕರ ಕಂಡು ನನಗೇ ಹೆದರಿಕೆಯಾಯಿತು. ಅತ್ತೆಗೆ ಹ್ಯಾಗೆ ತಿಳಿಯಿತೋ, ನನ್ನ ಮುಂಗೈ ಹಿಡಿದರು. ಟ್ಯಾಕ್ಸಿಯವನನ್ನು ಕೇಳಿದರು: "ಗಾಡಿ ಖಾಲಿ ಇದೆಯೇನಪ್ಪಾ?" ಅವನು ತನ್ನ ಕಣ್ಣಿನ ಪರೀಕ್ಷೆಯನ್ನೇ ಬಿಟ್ಟು ಎದ್ದ. ಪಾಪ, ದಾರಿಯುದ್ದಕ್ಕೂ ಫಲಕ ಕಂಡಲ್ಲೆಲ್ಲ ಅತ್ತೆಯೇ ಓದಿ ಹೇಳಬೇಕಾಯಿತು.

ಈಗ ನಾವು ಅತ್ತೆಯ ತಂಗಿಯ ಮನೆಯಲ್ಲಿದ್ದೇವೆ. ಅಕ್ಕತಂಗಿಯರು ಒಂದೇ ತಟ್ಟೆಯಲ್ಲಿ ಊಟ ಮಾಡುತ್ತ, ಜಗಳವಾಡುತ್ತ, ಮತ್ತೆ ಅಳುತ್ತ ಕೂತಿದ್ದಾರೆ. ವಾರ ಮುಗಿಯುವವರೆಗೂ ಬಿಡುವುದಿಲ್ಲವಂತೆ. ನಾನು ಸೊಟ್ಟ ಚಿತ್ರಗಳನ್ನೆಲ್ಲ ಮತ್ತೆ ಬರೆಯುತ್ತಿದ್ದೇನೆ. ಸಂಪಾದಕಿ ಕಾಯುತ್ತೇನೆ ಎಂದಿದ್ದಾರೆ. ಮಾವ ಟೈಪ್ ಮಾಡಿಸಿದ ಕಾಗದ ಅಲ್ಲೇ ಮೇಜಿನ ಮೇಲಿದೆ, ಸಹಿಯಿಲ್ಲದೆ.

ಥ್ಯಾಂಕ್ಸ್ ಅಕ್ಕ. ನಾನು ಸುಖವಾಗಿದ್ದೇನೆ ಎಂದು ಹಾಳೆಗಟ್ಟಲೆ ಬರೆದರೂ ನೀನು ನಂಬಲಿಲ್ಲವಲ್ಲ, ಅದಕ್ಕೆ. ನನ್ನ ಮಾತು ಬಿಟ್ಟು ನನ್ನ ಸಾಲುಗಳನ್ನು ನೋಡಿದೆಯಲ್ಲ, ಅದಕ್ಕೆ. ಅತ್ತೆಗೆ ಹೇಗೆ ಹೇಳಲಿ ಎಂದು ಗೊತ್ತಾಗದೆ ದಿನಾ ಸುಮ್ಮನೆ ತಬ್ಬಿಕೊಳ್ಳುತ್ತೇನೆ. ಸಾಕು ಬಿಡೇ ಎನ್ನುತ್ತಾರೆ.

ಇವರು ಸಂಜೆ ಬಂದಿದ್ದರು. ಮನೆ ಬಿಟ್ಟು ಬೇರೆ ಕೋಣೆ ಹಿಡಿದಿದ್ದಾರಂತೆ. ಅಂದು ಯಂತ್ರದೊಳಗೆ ನೋಡಿದಾಗ ನನ್ನ ಕನ್ನಡಕ ಕಾಣಲಿಲ್ಲವಂತೆ, ಗೋಡೆ ಹಿಡಿದು ನಡೆಯುವ ಅಮ್ಮ ಕಂಡರಂತೆ, ಬಾಯಿ ಕಟ್ಟಿಹೋಯಿತಂತೆ. ನಂಬುತ್ತೇನೆ. ಪ್ರೀತಿಯೂ ಇದೆ, ಅದನ್ನು ಸುಳ್ಳು ಹೇಳಲಾರೆ. ಆದರೆ ನಾನು ಬೀಳುತ್ತಿರುವುದನ್ನು ಕಂಡೂ ಇವರು ಅಷ್ಟು ದಿನ ಸುಮ್ಮನಿದ್ದರು. ನಾನೂ ಊರಿಗೆ ಬರಲೇ ಎಂದು ಕೇಳಿದರು. ಈಗ ಬೇಡ, ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿ, ಓದುತ್ತೇನೆ ಎಂದೆ. ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ.

ಭಾನುವಾರ ಸಂಜೆಯ ರೈಲು. ಎರಡು ಹಾಸಿಗೆ ಹಾಕಿಡು. ಕಿಟಕಿಯ ಪಕ್ಕದ್ದು ಅತ್ತೆಗೆ.

ನಿನ್ನ
ಗಲಗಲ